ಹಾಸಿಗೆ ಕೋಣೆಯ ದೆವ್ವ

ಹೋಟೆಲನ್ನು ಮಾರುವ ಸುದ್ದಿಯನ್ನು ಅಣ್ಣ ಊಟದ ನಡುವೆ, ಉಪ್ಪು ಕೇಳಿದಷ್ಟೇ ಸಲೀಸಾಗಿ ಹೇಳಿಬಿಟ್ಟ.

"ನಾಳಿದ್ದು ಸಹಿ ಹಾಕ್ತೀನಿ. ಅವರು ಕೆಡವಿ ಬೇರೆ ಕಟ್ಕೋತಾರಂತೆ. ಈ ದೆವ್ವದ ಸಹವಾಸ ಇನ್ನು ಸಾಕು ಕಣೋ ಬಾಲ."

ಚಿಕ್ಕಂದಿನಲ್ಲಿ ಸದಾ ಅಣ್ಣನ ಹಿಂದೆ ಸುತ್ತುತ್ತಿದ್ದ ತಮ್ಮನಿಗೆ ಬಿದ್ದ ಹೆಸರು ಅದು. ತಲೆ ನರೆತರೂ ಅಣ್ಣನೊಬ್ಬ ಅದನ್ನು ಬಿಟ್ಟಿರಲಿಲ್ಲ. ಉಳಿದವರಿಗೆಲ್ಲ ಅವನು ಕತೆಗಾರ. ಕಿರುಗುಟ್ಟುವ ಮೆಟ್ಟಿಲುಗಳ ಆ ಮುದಿ ಹೋಟೆಲಿಗೆ ಜನ ಇನ್ನೂ ಬಂದು ತಂಗುತ್ತಿದ್ದುದೇ ಅವನ ಬಾಯಿಂದ ದೆವ್ವದ ಕತೆ ಕೇಳಲಿಕ್ಕೆ. ಕಟ್ಟಡ ಹೋದರೆ ಅವನು ಯಾರು? ಬರೀ ಬಾಲ. ಕೈ ತೊಳೆಯುವಾಗಲೇ ಅವನು ನಿರ್ಧರಿಸಿಯಾಗಿತ್ತು, ಆ ಸಹಿ ಬೀಳಬಾರದು.

ಮೇಲಂತಸ್ತಿನ ಕೊನೆಯಲ್ಲಿ ಹಳೆಯ ಹಾಸಿಗೆ, ದಿಂಬುಗಳನ್ನು ತುಂಬಿದ ಕೋಣೆಯೊಂದಿತ್ತು. ಹಿಂದಿನ ಮಾಲೀಕರ ಕಾಲದಲ್ಲಿ ಹಾಸಿಗೆ ಹಾಸುವ ಹೆಂಗಸೊಬ್ಬಳು ಅಲ್ಲಿ ಸಿಕ್ಕಿಬಿದ್ದು, ಬಾಗಿಲು ತಟ್ಟಿ ತಟ್ಟಿಯೇ ಸತ್ತಳಂತೆ. ಮಧ್ಯಾಹ್ನದ ಊಟವಾಗಿ ಎಲ್ಲರೂ ಮಂಪರಿಗೆ ಬಿದ್ದ ಹೊತ್ತಿನಲ್ಲಿ ಈಗಲೂ ತಟ್ಟುತ್ತಾಳಂತೆ. ಅಂತಸ್ತಿನಲ್ಲಿ ಮನುಷ್ಯರ ಸುಳಿವಿದ್ದರೆ ಮಾತ್ರ ತಟ್ಟುವುದಿಲ್ಲವಂತೆ. ಈ ಅಂತೆಕಂತೆಯೆಲ್ಲ ಅವನದೇ. ಅಲ್ಲಿ ನಿಜವಾಗಿ ಸಿಕ್ಕಿಬಿದ್ದದ್ದು ಒಂದು ಬೆಕ್ಕು. ಅದೂ ಹೊರಬಂದು, ಅಡುಗೆಮನೆಯ ಹಾಲು ಕದ್ದು ಕುಡಿಯುತ್ತ ತುಂಬು ಬಾಳು ಬಾಳಿತ್ತು.

ಸುಳ್ಳು ಕತೆಗೆ ಈಗ ಕೆಲಸ ಬಂತು. ಆ ಕೋಣೆಯ ಬಾಗಿಲು ಮುಚ್ಚಿದರೆ ಚಿಲಕ ತಾನೇ ಬೀಳುತ್ತಿತ್ತು, ಹೊರಗಿನಿಂದಲೇ ತೆಗೆಯಬೇಕು. ಅದು ಮನೆಮಂದಿಗೆಲ್ಲ ಗೊತ್ತು. ಅಣ್ಣನಿಗೆ ಉಬ್ಬಸ; ಹತ್ತಿಯ ದೂಳು ಸೋಕಿದರೆ ಸಾಕು. ಕೋಟಿನ ಜೇಬಿನಲ್ಲಿರುವ ಇನ್ಹೇಲರನ್ನು ಅಣ್ಣನದೇ ಮೇಜಿನ ಮೇಲೆ ಇಟ್ಟುಬಿಟ್ಟರಾಯಿತು, ಮರೆವು ಯಾರಿಗಿಲ್ಲ? ಬಾಗಿಲು ಬಡಿದರೂ ಕೆಲಸದವರು ಯಾರೂ ಮೇಲೆ ಹತ್ತುವುದಿಲ್ಲ. ದೆವ್ವವೇ ಕಾವಲಿಗೆ ನಿಂತ ಮೇಲೆ ಇನ್ನೇನು ಬೇಕು?

ಅಡ್ಡಿಯೆಂದರೆ ಮೇಲಂತಸ್ತಿನಲ್ಲಿ ತಂಗಿದ್ದ ದಂಪತಿ ಮಾತ್ರ. ಇಬ್ಬರೂ ನಿವೃತ್ತ ಶಿಕ್ಷಕರು, ದೆವ್ವವೆಂದರೆ ಪ್ರಾಣ.

"ನಾವು ಬಾಗಿಲ ಹತ್ರ ಸುಮ್ನೆ ಕೂತಿದ್ರೂ ತಟ್ಟಲ್ವಾ?" ಎಂದು ಮೇಡಮ್ಮು ಮರುದಿನ ಕೇಳಿದರು.

"ಇಲ್ಲಮ್ಮ, ಅವಳಿಗೆ ನಾಚಿಕೆ ಜಾಸ್ತಿ. ನೀವು ಪೇಟೆ ಸುತ್ಕೊಂಡು ಬನ್ನಿ."

ದಂಪತಿ ಮುಖ ಮುಖ ನೋಡಿಕೊಂಡು ನಕ್ಕರು. ಮೇಷ್ಟ್ರು ಏನೋ ಮರೆತೆನೆಂದು ಮತ್ತೊಮ್ಮೆ ಮೇಲೆ ಹೋಗಿಬಂದರು. ಅವರು ಬೀದಿಯ ತಿರುವು ದಾಟುವವರೆಗೂ ಅವನು ಬಾಗಿಲಲ್ಲೇ ನಿಂತು ಕೈಬೀಸಿದ.

ಮಧ್ಯಾಹ್ನ ಊಟವಾದ ಮೇಲೆ, ಎಸೆಯಬೇಕಾದ ಹಾಸಿಗೆ ಯಾವುವು, ಬಂದು ಹೇಳು ಎಂದು ಕರೆದಾಗ ಅಣ್ಣ ಅನುಮಾನವಿಲ್ಲದೆ ಹಿಂದೆ ಬಂದ. ಈ ಸಲ ಬಾಲದ ಹಿಂದೆ ಅಣ್ಣ. ಮೂಗಿಗೆ ಕರವಸ್ತ್ರ ಹಿಡಿದು ಕೋಣೆಯೊಳಗೆ ಕಾಲಿಟ್ಟವನು ತಿರುಗಿ ನೋಡಿದ.

"ನಿನ್ನೆಯಿಂದ ಮುಖ ಸಣ್ಣದು ಮಾಡ್ಕೊಂಡಿದ್ದೀಯ. ಹೋಟ್ಲು ಹೋದ್ರೆ ಹೋಗ್ಲಿ, ನಿನ್ನ ಕತೆ ಕೇಳೋಕೆ ನಾನಿಲ್ವೇನೋ?"

ಆ ಮಾತು ನೇರ ಎದೆಗೆ ನಾಟಿತು. ಆದರೆ ಕೈ ಅಷ್ಟರಲ್ಲಿ ಬಾಗಿಲು ಎಳೆದಿತ್ತು. ಕೂಡಲೇ ಇಳಿದುಹೋಗಿ ಎಲ್ಲರ ಕಣ್ಣಿಗೆ ಬೀಳಬೇಕೆಂಬುದು ಅವನ ಲೆಕ್ಕ. ಆದರೆ ಇಳಿಯಲಿಲ್ಲ. ಒಳಗಿನ ಬಡಿತ ಕೇಳುತ್ತ, ಚಿಲಕದ ಮೇಲೆ ಕೈಯಿಟ್ಟು, ಕೈ ತೆಗೆದು, ಮತ್ತೆ ಇಟ್ಟು ನಿಂತ. ಕೊನೆಗೆ ಬಾಗಿಲಿಗೆ ಬಾಯಿ ಹಚ್ಚಿ ಒಂದು ಮಾತು ಹೇಳಿ ಕೆಳಗಿಳಿದ.

ಉಳಿದದ್ದೆಲ್ಲ ಅಂದುಕೊಂಡಂತೆಯೇ ಆಯಿತು. ಸಂಜೆ ಹೆಣ ಸಿಕ್ಕಿತು. ಪೊಲೀಸರು ಬಾಗಿಲನ್ನು ಮುಚ್ಚಿ ತೆಗೆದು, ಮೇಜಿನ ಮೇಲಿನ ಇನ್ಹೇಲರ್ ನೋಡಿ, ಪಾಪ ಎಂದರು. ಅಡುಗೆಯವನು ತಲೆ ಚಚ್ಚಿಕೊಂಡು ಅತ್ತ.

"ಬಡಿಯೋದು ನಂಗೆ ಕೇಳಿಸ್ತು, ಚಿಕ್ಕ ಯಜಮಾನ್ರೇ. ದೆವ್ವ ಅಂತ ಸುಮ್ನಿದ್ದೆ. ನಾನೇ ಕೊಂದ್ಬಿಟ್ಟೆ."

ಅವನ ಬೆನ್ನು ಸವರುವಾಗ ಕತೆಗಾರನಿಗೆ ತನ್ನ ಕೈ ಕಂಡೇ ಹೇಸಿಗೆಯಾಯಿತು. ಮರುದಿನ ಅತ್ತಿಗೆ ಅಳು ನುಂಗಿಕೊಂಡು ಅವನ ಮುಂದೆ ತಟ್ಟೆಯಿಟ್ಟರು. "ನೀನಾದ್ರೂ ತಿನ್ನಪ್ಪ. ಅವರಿಗೆ ನೀನು ತಮ್ಮ ಅಲ್ಲ, ಮಗ." ಎಲ್ಲ ಹೇಳಿಬಿಡಲೇ ಎಂದು ಬಾಯಿ ತೆರೆದ; ನೀರು ಕುಡಿದು ಮುಚ್ಚಿಕೊಂಡ.

ಆಗಲೇ ದಂಪತಿ ಊರಿಗೆ ಹೊರಟು ನಿಂತವರು ಅತ್ತಿಗೆಯ ಬಳಿ ಬಂದರು. ಮೇಷ್ಟ್ರ ಅಂಗೈಯಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ರೆಕಾರ್ಡರ್ ಇತ್ತು. "ಜನ ಇದ್ರೆ ತಟ್ಟಲ್ಲ ಅಂತ ಇವರು ಹೇಳಿದ್ರಲ್ಲಮ್ಮ, ಅದಕ್ಕೆ ಇದನ್ನ ಆ ಬಾಗಿಲ ಚೌಕಟ್ಟಿನ ಮೇಲಿಟ್ಟು ಹೋಗಿದ್ವಿ. ಕೇಳೋ ಧೈರ್ಯ ನಮಗೆ ಬರ್ಲಿಲ್ಲ. ಯಜಮಾನರ ಕೊನೆ ಮಾತೇನಾದ್ರೂ ಇದ್ರೆ ಅದು ನಿಮಗೆ ಸೇರಿದ್ದು." ಅತ್ತಿಗೆ ಗುಂಡಿ ಒತ್ತಿದರು. ಮೊದಲು ಬಡಿತ, ಕೆಮ್ಮು, ಆಮೇಲೆ ಅಣ್ಣನ ದನಿ: "ಬಾಲಾ, ಅಲ್ಲೇ ಇದ್ದೀಯ ಅಂತ ಗೊತ್ತು ಕಣೋ. ಬಾಗಿಲು ತೆಗಿಯೋ." ಅದರ ಬೆನ್ನಿಗೇ, ವರ್ಷಗಟ್ಟಲೆ ಕತೆ ಹೇಳಿ ಹೇಳಿ ಮನೆಮಂದಿಗೆಲ್ಲ ಪರಿಚಿತವಾಗಿದ್ದ ಇನ್ನೊಂದು ದನಿ, ತೀರಾ ಹತ್ತಿರದಿಂದ: "ಕ್ಷಮಿಸ್ಬಿಡಣ್ಣ. ಇನ್ನು ಸ್ವಲ್ಪ ಹೊತ್ತು, ಅಷ್ಟೇ."