ಹ ಇಲ್ಲದ ಬೀಗ

"ಈವಮ್ಮ ಇಂಗೇ ನೋಡ್ತಾ ಕುಂತ್ರೆ ನಾನು ತೂತ್ತುಕುಡಿಗೆ ಓದಂಗೇ ಐತೆ."

ತಿಮ್ಮರಾಜು ಇದನ್ನು ಹೇಳಿದ್ದು ಲ್ಯಾಪ್‌ಟಾಪಿಗೆ. ಅದೂ ತುಟಿಯೊಳಗೆ, ಕನ್ನಡದಲ್ಲಿ. ಮೆಟ್ಟೂರಿನ ಈ ಕಂಪ್ಯೂಟರ್ ಸರ್ವೀಸ್ ಅಂಗಡಿಯಲ್ಲಿ ಆ ಭಾಷೆ ಬಲ್ಲವರು ಯಾರೂ ಇಲ್ಲ ಎಂಬುದು ಅವನ ನಂಬಿಕೆ.

ಎದುರಿಗೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ ಮೇನಕಾ ಮೇಚೇರಿ ಪಕ್ಕದ ಹಳ್ಳಿಯವಳು. ಕುರಿ ಸಾಕುವ ಮನೆ. ಹುಟ್ಟಿದಾಗಿನಿಂದ ಕನ್ನಡದಲ್ಲೇ ಬೈಸಿಕೊಂಡು ಬೆಳೆದವಳು. ಕಣ್ಣೆತ್ತಿ, ಏನಂದಿರಿ ಎಂದು ತಮಿಳಿನಲ್ಲಿ ಕೇಳಿದಳು: "ಎನ್ನ ಸೊನ್ನೀಂಗ, ಸಾರ್?"

"ಒಣ್ಣುಮಿಲ್ಲೆ," ಅಂದ. ಏನೂ ಇಲ್ಲವಂತೆ!

ತಿಂಗಳುಗಳಿಂದ ಹೀಗೇ ನಡೆದಿತ್ತು. ಅವನು ಕೆಮಿಕಲ್ ಫ್ಯಾಕ್ಟರಿಯ ಇಂಜಿನಿಯರ್, ಪಾಪಿರೆಡ್ಡಿಪಟ್ಟಿ ಕಡೆಯ ಕನ್ನಡ ಮನೆಯವನು. ಫ್ಲಾಪಿ ಸಿಕ್ಕಿಕೊಂಡಿತು ಎಂದು ಬರುತ್ತಿದ್ದ. ಮೌಸಿನ ಉಂಡೆಗೆ ಧೂಳು ಹಿಡಿಯಿತು ಎಂದು ಬರುತ್ತಿದ್ದ. ವ್ಯವಹಾರದ ಮಾತೆಲ್ಲ ತಮಿಳಿನಲ್ಲಿ. ಅವಳು ತಲೆ ತಗ್ಗಿಸಿ ಕೆಲಸ ಮಾಡುವಾಗ ಮಾತ್ರ ಅವನ ಬಾಯಿಂದ ಕನ್ನಡ ಸೋರುತ್ತಿತ್ತು. 'ಜಡೆ ನೋಡು, ಬಾವಿ ಅಗ್ಗ ಇದ್ದಂಗೈತೆ.' 'ಇನ್ನೊಂದ್ ಸಲ ನಕ್ರೆ ನಾನು ಸತ್ತೆ ಕಣಪ್ಪ.'

ಮೊದಲ ಸಲವೇ "ನಾನೂ ಕನ್ನಡದವಳು" ಅಂದುಬಿಡಬಹುದಿತ್ತು. ಮೇನಕಾ ಅನ್ನಲಿಲ್ಲ. ಕೊಡ ತುಂಬುತ್ತಿರುವಾಗ ಯಾವ ಹುಡುಗಿ ನಲ್ಲಿ ನಿಲ್ಲಿಸುತ್ತಾಳೆ?

ಆದರೆ ಕದ್ದು ಕೇಳಿದ ಮಾತಿನ ಮೇಲೆ ಸಂಸಾರ ಕಟ್ಟಲಾಗದು. ಅವಳಿಗೆ ಅರ್ಥವಾಗುತ್ತದೆ ಎಂದು ಗೊತ್ತಿದ್ದೇ ಅವನು ಹೇಳಬೇಕು. ಒಂದೇ ಸಲ ಸಾಕು. ಅದಕ್ಕೆ ಉಳಿದಿದ್ದು ಇವತ್ತೊಂದೇ ದಿನ. ಸಂಜೆ ಬಸ್ಸಿಗೆ ಅವನು ಸೇಲಂ, ಅಲ್ಲಿಂದ ತೂತ್ತುಕುಡಿಯ ಫ್ಯಾಕ್ಟರಿ. ಎರಡು ವರ್ಷಕ್ಕೆ ವರ್ಗ.

ಡಿಸ್ಕಿಗೆ ಬೀಗ ಹಾಕದೆ ಯಾವ ಲ್ಯಾಪ್‌ಟಾಪೂ ಊರು ಬಿಡಕೂಡದು ಎಂದು ಅವನ ಆಫೀಸಿನಲ್ಲಿ ಹೊಸ ನಿಯಮ. ಹೆಡ್ ಆಫೀಸ್ ಕಳಿಸಿದ ಸಾಫ್ಟ್‌ವೇರ್ ಡಿಸ್ಕಿನಲ್ಲಿರುವುದನ್ನೆಲ್ಲ ಒಂದು ಕಡೆಯಿಂದ ಗುಪ್ತಲಿಪಿ ಮಾಡುತ್ತಾ ಹೋಗುತ್ತದೆ. ಪಾಸ್‌ವರ್ಡ್ ಗೊತ್ತಿಲ್ಲದವನಿಗೆ ಅದು ಬರೀ ಕಸ. ಬೆಳಿಗ್ಗೆ ರೂಮಿನಲ್ಲಿ ಶುರುಮಾಡಿದ್ದ. ಅರವತ್ತೊಂದು ಪರ್ಸೆಂಟಿಗೆ ಬಂದು ನಿಂತೇಬಿಟ್ಟಿತು. ಒಳಗೆ ಅವನು ಪ್ಲಾಂಟಿನಲ್ಲಿ ವರ್ಷವಿಡೀ ಕೂಡಿಸಿದ ರೀಡಿಂಗ್‌ಗಳು.

ಅಂಗಡಿಯ ಯಜಮಾನ ವೆಂಕಟಾಚಲಂ ಊಟಕ್ಕೆ ಹೊರಟವರು ಬಗ್ಗಿ ನೋಡಿದರು. "ಆಫ್ ಪಣ್ಣಿ ಆನ್ ಪಣ್ಣುಮ್ಮಾ," ಎಂದು ಸ್ವಿಚ್ಚಿಗೆ ಕೈಹಾಕಿದರು. ರೇಡಿಯೋ, ಫ್ಯಾನು, ಕಂಪ್ಯೂಟರ್ ಎಲ್ಲಕ್ಕೂ ಅವರದು ಅದೇ ಮದ್ದು. ಮೇನಕಾ ಅವರ ಕೈಯನ್ನು ಮೆಲ್ಲಗೆ ಸರಿಸಿದಳು. ಅವರು ಬೇಜಾರಿಲ್ಲದೆ ಊಟಕ್ಕೆ ಹೋದರು.

ಅವಳು ಲ್ಯಾಪ್‌ಟಾಪಿಗೆ ಕಿವಿಯಿಟ್ಟಳು. ಕೆನ್ನೆ ಕೀಬೋರ್ಡಿಗೆ ತಾಗುವಷ್ಟು ಹತ್ತಿರ. ಅವನು ಕಿಟಕಿ ನೋಡಿದ, ಮತ್ತೆ ಅವಳನ್ನು ನೋಡಿದ, ಸಿಕ್ಕಿಬಿದ್ದೆನೆಂದು ಮತ್ತೆ ಕಿಟಕಿ ನೋಡಿದ.

ಟಿಕ್, ಟಿಕ್, ಕರ್ರ್. ಟಿಕ್, ಟಿಕ್, ಕರ್ರ್.

"ಡಿಸ್ಕಿನಲ್ಲಿ ಒಂದು ಜಾಗ ಕೆಟ್ಟಿದೆ," ಎಂದು ತಮಿಳಿನಲ್ಲಿ ಹೇಳಿದಳು. ಸಾಫ್ಟ್‌ವೇರಿಗೆ ಆ ಜಾಗವನ್ನು ಓದಲೂ ಆಗದು, ಬಿಟ್ಟು ಮುಂದೆ ಹೋಗಲೂ ಬಾರದು. ಕೇಳಿದ್ದನ್ನೇ ಕೇಳುತ್ತಾ ನಿಂತಿದೆ. ಕರೆಂಟು ಕಿತ್ತರೆ ಅರ್ಧ ಬೀಗ, ಅರ್ಧ ಬಯಲು. ಎಲ್ಲಾ ಹೋದರೂ ಹೋಯಿತು. ಕ್ರಮವಾಗಿ ನಿಲ್ಲಿಸಬೇಕು, ಪಾಸ್‌ವರ್ಡ್ ಕೊಟ್ಟು ಹಾಕಿದ ಬೀಗವನ್ನು ಹಿಂದಕ್ಕೆ ಬಿಚ್ಚಬೇಕು, ಸ್ಕ್ಯಾನ್‌ಡಿಸ್ಕ್ ಓಡಿಸಿ ಕೆಟ್ಟ ಜಾಗಕ್ಕೆ ಗುರುತು ಮಾಡಬೇಕು, ಮತ್ತೆ ಮೊದಲಿಂದ ಬೀಗ.

ಸಂಜೆಯೊಳಗೆ ಆಗುತ್ತಾ ಎಂದು ಕೇಳಿದ. ಆಗುತ್ತೆ ಅಂದಳು.

ಸರಿಯಾದರೆ ಅವನು ಹೋಗುತ್ತಾನೆ, ಸರಿಯಾಗದಿದ್ದರೆ ಉಳಿಯುತ್ತಾನೆ. ಅದು ಅವಳಿಗೆ ಗೊತ್ತಿತ್ತು. ಕೆಟ್ಟ ಡಿಸ್ಕಿನ ದಯೆಯಿಂದ ಉಳಿಯುವ ಗಂಡು ಅವಳಿಗೆ ಬೇಕಿರಲಿಲ್ಲ.

ಯಂತ್ರ ಕ್ರಮವಾಗಿ ನಿಂತು ಮತ್ತೆ ಎದ್ದಿತು. ಕಪ್ಪು ಪರದೆ ಪಾಸ್‌ವರ್ಡ್ ಕೇಳಿತು. ಮೇನಕಾ ಮರ್ಯಾದೆಗೆ ಮುಖ ತಿರುಗಿಸಿದಳು. ಅವನು ಒತ್ತಿದ. ತಪ್ಪು. ಮತ್ತೆ ಒತ್ತಿದ. ತಪ್ಪು. ಇನ್ನೊಂದು ಸಲ ತಪ್ಪಿದರೆ ಡಿಸ್ಕ್ ಶಾಶ್ವತವಾಗಿ ಮುಚ್ಚುತ್ತದೆ ಎಂದು ಪರದೆ ಎಚ್ಚರಿಸಿತು.

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒಂದೊಂದೇ ಕೀಯ ಮೇಲೆ ಬೆರಳಾಡಿಸುತ್ತಾ, ಒತ್ತದೆ, ಎಳೆಮಗು ಓದುವಂತೆ ಪಿಸುಗುಟ್ಟಿದ: "ಹೋ… ಗಿ… ಬರು… ತ್ತೇ…"

ಮೇನಕಾಗೆ ನಗು ತಡೆಯಲಾಗಲಿಲ್ಲ.

"ಯಾರ ಮನೇಲಿ ಇಂಗಂತಾರೆ?" ಎಂದಳು, ಅಚ್ಚ ಮೇಚೇರಿ ಕನ್ನಡದಲ್ಲಿ. "ಆ 'ಹ' ಎಲ್ಲಿಂದ ತಂದ್ರಿ?"

ಅವನ ಬೆರಳು ಗಾಳಿಯಲ್ಲೇ ನಿಂತಿತು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಕತ್ತು.

"ನೀವು… ಕನ್ನಡವಾ?"

"ಉಟ್ಟಿದಾಗಿಂದ."

"ಅಂಗಾದ್ರೆ ನಾನು ಇಷ್ಟ್ ದಿನ ಅಂದಿದ್ದೆಲ್ಲಾ…"

"ಬಾವಿ ಅಗ್ಗ ಅಂದಿದ್ದು ಕೇಳುಸ್ತು. ಅದನ್ನ ಆಮ್ಯಾಕೆ ಇಚಾರಿಸ್ಕೊತೀನಿ. ಈಗ ಪಾಸ್‌ವರ್ಡ್ ನೋಡಿ. ಬೆಳಿಗ್ಗೆ ಅದ ಆಕ್ದಾಗ ಪಕ್ಕದಾಗೆ ಯಾರಿದ್ರು?"

"ಅವ್ವ. ಊರಿಂದ ಬಂದವ್ಳೆ. ಆಫೀಸ್‌ಗೆ ಒಲ್ಟಿದ್ದೆ, ಅವಳಿಗೆ ಏಳ್ತಾ ಏಳ್ತಾ ಅದೇ ಮಾತು ಟೈಪ್ ಮಾಡ್ದೆ. ಆಫೀಸ್ನಾಗೆ ಯಾರ್ಗೂ ತಿಳಿಯಲ್ಲ ಅಂತ."

ಮನೆ ಬಿಡುವಾಗ ಬರೀ 'ಹೋಗ್ತೀನಿ' ಅನ್ನಬಾರದು. ಬರುವ ಮಾತನ್ನೂ ಸೇರಿಸಿಯೇ ಹೊಸಿಲು ದಾಟಬೇಕು. ತಮಿಳು ಶಾಲೆಯಲ್ಲಿ ಓದಿದ ಅವನ ಕನ್ನಡಕ್ಕೆ ಅಕ್ಷರಗಳೇ ಇರಲಿಲ್ಲ. ಬಾಯಿ ಅಂದದ್ದನ್ನು ಬೆರಳು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿತ್ತು, ಅಷ್ಟೇ.

"ಮತ್ತೆ ಈಗ ಯಾಕೆ ಇಷ್ಟು ನಾಜೂಕು?"

"ಒಸೂರಿಂದ ಬಂದ ಅತ್ತಿಗೆ ನಮ್ ಮಾತಿಗೆ ನಗ್ತಾಳೆ." ತಡೆದು, ಮೇಜನ್ನು ನೋಡುತ್ತಾ ಹೇಳಿದ: "ನೀವು ಪಕ್ಕದಾಗೆ ಕುಂತ್ರೆ ನನ್ ಕೈ ತಾನಾಗೇ ಸುದ್ದ ಆಗ್ಬುಡ್ತದೆ."

ಈ ಮಾತು ನೇರ ಅವಳಿಗೇ ಬಂದದ್ದೋ, ಹಳೆಯ ಅಭ್ಯಾಸಕ್ಕೆ ಸೋರಿದ್ದೋ? ಅವಳಿಗೆ ತಿಳಿಯಲಿಲ್ಲ.

"ಕಣ್ಣು ಮುಚ್ಚಿ. ನಿಮ್ಮವ್ವಂಗೆ ಏಳಿ."

ಅವನು ಕಣ್ಣು ಮುಚ್ಚಿದ. ಮುಖ ಸಡಿಲಾಯಿತು. "ಓಗ್‌ಬುಟ್ ಬತ್ತೀನಿ."

"ಬಾಯಾಗೆ ಇದ್ದಂಗೇ ಒತ್ತಿ."

ಒತ್ತಿದ. ಪರದೆ ಒಂದು ಗಳಿಗೆ ಯೋಚಿಸಿತು, ಬಾಗಿಲು ತೆಗೆಯಿತು.

ಆಮೇಲಿನದೆಲ್ಲ ಕಾಯುವ ಕೆಲಸ. ಬೀಗ ಹಿಂದಕ್ಕೆ ಬಿಚ್ಚಿಕೊಂಡಿತು. ನೀಲಿ ಪರದೆಯ ಮೇಲೆ ಸ್ಕ್ಯಾನ್‌ಡಿಸ್ಕ್ ಚೌಕಾಬಾರದ ಕಾಯಿಯಂತೆ ಮನೆಯಿಂದ ಮನೆಗೆ ಜಿಗಿದು, ಕೆಟ್ಟ ಮನೆಗೆ ಗುರುತು ಹಾಕಿ ಮುಂದೆ ಹೋಯಿತು. ಮತ್ತೆ ಬೀಗ ಶುರುವಾಯಿತು. ಅರವತ್ತು, ಅರವತ್ತೊಂದು. ಇಬ್ಬರೂ ಪರದೆಯತ್ತ ಬಗ್ಗಿದರು. ಅರವತ್ತೆರಡು.

ಕೆಲಸ ಓಡಿತು, ಅವನು ನಿಂತ. ಭಾಷೆ ಸಿಕ್ಕಿದ ಮೇಲೆ ಅವನ ಮಾತು ಹೋಯಿತು. ಟೀ ತಂದುಕೊಟ್ಟ, ಫ್ಯಾನನ್ನು ಅವಳತ್ತ ತಿರುಗಿಸಿದ, ಲೋಟ ತೊಳೆದಿಟ್ಟ.

ನೂರಾಯಿತು. ಅವನು ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡ, ಹೆಗಲಿಗೇರಿಸಿದ, ಬಾಗಿಲ ಹತ್ತಿರ ನಿಂತ. ಊಟ ಮುಗಿಸಿ ಯಾವಾಗಲೋ ಬಂದಿದ್ದ ವೆಂಕಟಾಚಲಂ ಪೇಪರಿನ ಹಿಂದೆ ಎಲೆ ಜಗಿಯುತ್ತಿದ್ದರು.

"ರೊಂಬ ನನ್ರಿ," ಅಂದ ತಿಮ್ಮರಾಜು. ತಮಿಳಿನಲ್ಲಿ. ಗಿರಾಕಿ ಥ್ಯಾಂಕ್ಸ್ ಹೇಳುವಂತೆ.

ಮೇನಕಾ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟಳು.

"ನಂಗೆ ತಿಳಿಯಲ್ಲ ಅಂದ್ಕೊಂಡು ಇಷ್ಟ್ ತಿಂಗಳು ಮಾತಾಡಿದ್ರಿ. ತಿಳೀತದೆ ಅಂತ ಗೊತ್ತಾದ ಮ್ಯಾಕೆ ಒಂದ್ ಮಾತಿಲ್ಲ. ಆವಾಗಿಂದು ಸುಳ್ಳಾ, ಈಗಿಂದು ಸುಳ್ಳಾ?"

ಅವನು ಹೊರಗೆ ನೋಡಿದ. ಸೇಲಂ ಬಸ್ಸಿಗೆ ಜನ ಓಡುತ್ತಿದ್ದರು. ಬ್ಯಾಗನ್ನು ಕೆಳಗಿಟ್ಟ. ಯಜಮಾನರ ಪೇಪರು ಅಲುಗಿತು, ಅದನ್ನೂ ಲೆಕ್ಕಿಸಲಿಲ್ಲ.

"ಈಗಿಂದೇ ಸುಳ್ಳು," ಅಂದ, ಅವಳ ಕಣ್ಣಿಗೆ ಕಣ್ಣಿಟ್ಟು, ದನಿ ತಗ್ಗಿಸದೆ. "ಮೇನಕಾ, ನೀನಂದ್ರೆ ನನಗೆ ಪ್ರಾಣ. ಮೌಸಿಗೆ ಧೂಳನ್ನ ನಾನೇ ಆಕ್ಕಂಡ್ ಬತ್ತಿದ್ದೆ. ಎರಡ್ ವರ್ಸ ಕಾಯಿ ಅನ್ನಲ್ಲ. ನನ್ ಜೊತೇಗೇ ಬಾ ಅಂತೀನಿ. ಕಟ್ಕೊತೀಯಾ?"

ಸಂಪಾದನೆ ಬಿಟ್ಟು ಗಂಡಿನ ಹಿಂದೆ ಹೋಗುವ ಜಾತಿಯಲ್ಲ ಅವಳು. ಕೈಕಟ್ಟಿ ನಿಂತು ವಿಚಾರಿಸಿದಳು.

"ತೂತ್ತುಕುಡಿನಾಗೆ ಕಂಪ್ಯೂಟರ್ ಕೆಡ್ತವಾ?"

"ಸಮುದ್ರದ ಉಪ್ಪುಗಾಳಿ. ದಿನಾ ಕೆಡ್ತವೆ."

"ಅಂಗಾದ್ರೆ ಆ ಊರು ಆಗ್‌ಬೌದು." ನಗು ಅವಳ ಕಣ್ಣಿಗೇ ಮೊದಲು ಬಂತು. "ಅಪ್ಪನ ಎಸರು ಸಣ್ಣಯ್ಯ. ಸಂತೆ ದಿನ ಬ್ಯಾಡ, ಕುರಿ ಮಾರಾಕೆ ಓಗಿರ್ತಾನೆ. ಸುಕ್ರವಾರ ನಿಮ್ಮವ್ವನ್ನ ಕಳ್ಸಿ. ಎಣ್ಣು ಕೇಳಾಕೆ ಬಂದಿದೀನಿ ಅಂತ ನಮ್ಮನೆ ಬಾಗ್ಲಾಗೇ ಏಳ್ಲಿ."

ವೆಂಕಟಾಚಲಂ ಪೇಪರು ಇಳಿಸಿದರು. ಅವರಿಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಇಬ್ಬರ ಮುಖ ಮಾತ್ರ ಕಾಣಿಸಿತು. ಸರಿಹೋಯಿತಾ ಎಂದು ಕೇಳಿದರು:

"ಎನ್ನಮ್ಮಾ, ಸರಿ ಆಯಿಡುಚ್ಚಾ?"

"ಆಯಿಡುಚ್ಚು ಸಾರ್," ಅಂದಳು ಮೇನಕಾ, ತಿಮ್ಮರಾಜುವಿನ ಮೇಲಿಂದ ಕಣ್ಣು ತೆಗೆಯದೆ.