ಹಾಲಪ್ಪನ ಎದೆಗೆ ಮೂರು ಬಿಲ್ಲೆ

ಬಹಳ ಹಿಂದೆ, ನಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲಕ್ಕೆ, ಮುತ್ತುಗದೂರು ಅಂತೊಂದು ರಾಜ್ಯವಿತ್ತು. ರಾಜ ಮೆತ್ತನೆಯವನು, ಆಡಳಿತವೆಲ್ಲ ಗಂಟುಮೋರೆ ಎಂಬ ಮಾಂತ್ರಿಕನ ಕೈಯಲ್ಲಿ. ದೊಡ್ಡವರು ಯಾರೂ ಆಟ ಆಡಕೂಡದು ಎಂದು ಅವನ ಕಟ್ಟಳೆ. ಅವನ ಕಟ್ಟಳೆಗಿಷ್ಟು ಬೆಂಕಿ ಹಾಕ!

ಅಲ್ಲಿ ಹಾಲಪ್ಪ ಎಂಬ ನೇಕಾರನಿದ್ದ. ವಯಸ್ಸು ಐವತ್ತು. ಮಗ್ಗ ಬಿಟ್ಟು ಬೇರೇನೂ ತಿಳಿಯದು. ಅವನ ಹೆಂಡತಿ ದೇವೀರಮ್ಮ ಒಂದು ದಿನ ನೀರಿಗೆ ಹೋದವಳು, ಬಿಂದಿಗೆ ಕೆಳಗಿಟ್ಟು ಬೀದಿಯಲ್ಲೇ ಕುಂಟಾಟ ಆಡಿಬಿಟ್ಟಳು. ಮಾಂತ್ರಿಕ ಕಂಡ.

“ಒಂಟಿಕಾಲಲ್ಲಿ ಕುಣೀತೀಯಾ? ಒಂಟಿಕಾಲಲ್ಲೇ ನಿಲ್ಲು!” ಎಂದ. ದೇವೀರಮ್ಮ ಕೊಕ್ಕರೆಯಾದಳು.

ಹಾಲಪ್ಪ ಓಡಿಬಂದು ಕಾಲಿಗೆ ಬಿದ್ದ. “ಕಾಡಿಗೆ ಹೋಗಿ ಆಟ ಆಡಿ ಮೂರು ಚಿನ್ನದ ಬಿಲ್ಲೆ ಗಳಿಸು, ಇವಳು ಮತ್ತೆ ಹೆಣ್ಣಾಗುತ್ತಾಳೆ. ಹುಣ್ಣಿಮೆ ಚಂದ್ರ ಮೂಡಿದರೆ ಮುಗೀತು, ನಿನ್ನ ಗುರುತೇ ಇವಳಿಗೆ ಇರೋದಿಲ್ಲ” ಎಂದು ಮಾಂತ್ರಿಕ ನಕ್ಕ.

ಹಾಲಪ್ಪ ಕೊಕ್ಕರೆಯನ್ನು ಹೊತ್ತು ಕಾಡಿಗೆ ಹೋದ. ಮೊದಲು ಮಾತಾಡುವ ಹುಲಿ ಸಿಕ್ಕಿತು. ಬುಗುರಿ ಕೊಟ್ಟು “ಆಡು” ಎಂದಿತು.

“ದಿನಕ್ಕೆ ಎಷ್ಟು ಸಲ ತಿರುಗಿಸಬೇಕು, ಸ್ವಾಮಿ?” ಎಂದ ಹಾಲಪ್ಪ. ನೂರು ಸಲ ತಿರುಗಿಸಿದ. ಒಂದೂ ತಪ್ಪಲಿಲ್ಲ. ಹುಲಿ ಆಕಳಿಸಿತು. “ಇದು ದುಡಿಮೆ ಕಣಯ್ಯ.”

ನೂರೊಂದನೆಯದಕ್ಕೆ ದಾರ ಸಿಕ್ಕಾಗಿ ಬುಗುರಿ ಹಾರಿ ಹುಲಿಯ ಮೂಗಿನ ಮೇಲೇ ಗಿರಗಿರ ತಿರುಗಿತು. ಹುಲಿ ಸೀನಿತು. ಹಾಲಪ್ಪ ಬಿದ್ದು ಬಿದ್ದು ನಕ್ಕ. ಟಣ್ ಎಂದು ಚಿನ್ನದ ಬಿಲ್ಲೆಯೊಂದು ಎದೆಗೆ ಅಂಟಿತು.

“ಅಲ್ಲ, ಸರಿಯಾಗಿ ಆಡಿದ್ದಕ್ಕೆ ಇಲ್ಲ, ತಪ್ಪಿದ್ದಕ್ಕೆ ಬಿಲ್ಲೆಯೇ?” ಹಾಲಪ್ಪನ ತಲೆ ಕೆಟ್ಟು ಮೊಸರಾಯಿತು.

ಎರಡನೆಯದು ಏಳು ಹೆಡೆಯ ಸರ್ಪದ ಜೊತೆ ಕಣ್ಣಾಮುಚ್ಚಾಲೆ. ತಪ್ಪಿದರೆ ಬಿಲ್ಲೆ ಬರುತ್ತದೆ ಅಂತ ಹಾಲಪ್ಪ ಬೇಕಂತಲೇ ಎದುರಿಗೇ ನಿಂತು ಸಿಕ್ಕಿಬಿದ್ದ. ಬಿಲ್ಲೆ ಬರಲಿಲ್ಲ. ಇದೊಳ್ಳೆ ಗ್ರಹಚಾರ! ಮತ್ತೆ ಅಡಗಿದ. ನೋಡುತ್ತಾನೆ, ಆರು ಹೆಡೆ ಕಣ್ಣು ಮುಚ್ಚಿವೆ, ಏಳನೆಯದು ಇಣುಕುತ್ತಿದೆ!

“ಏಯ್, ಕದ್ದು ನೋಡ್ತಿದೀಯ! ಇದು ಅನ್ಯಾಯ! ಮೊದಲಿಂದ ಎಣಿಸು!” ಎಂದು ಸೊಂಟಕ್ಕೆ ಕೈಯಿಟ್ಟು ಜಗಳಕ್ಕೇ ನಿಂತ. ಟಣ್! ಎರಡನೆಯ ಬಿಲ್ಲೆ! ಯಾಕೆ ಬಂತು? ಅವನಿಗೆ ಬಿಲ್‌ಕುಲ್ ತಿಳಿಯಲಿಲ್ಲ.

ಅಷ್ಟರಲ್ಲಿ ಹುಣ್ಣಿಮೆಯ ಸಂಜೆ ಬಂತು. ಮೂರನೆಯ ಆಟ ಒಡ್ಡಲು ಕೆರೆ ದಂಡೆಯಲ್ಲಿ ಮಾಂತ್ರಿಕನೇ ಕೂತಿದ್ದ. ಮುಂದೆ ಐದು ಕಲ್ಲು. ಒಂದನ್ನು ಮೇಲೆಸೆದು, ಅದು ಬೀಳುವಷ್ಟರಲ್ಲಿ ಉಳಿದವನ್ನು ಬಾಚಿ, ಬೀಳುವ ಕಲ್ಲನ್ನೂ ಹಿಡಿಯಬೇಕು.

ಆಗಲೇ ಗುರುತು ಮಾಸತೊಡಗಿದ್ದ ಕೊಕ್ಕರೆ ಹಾಲಪ್ಪನನ್ನೇ ನೋಡಿ, “ನೀವು ಯಾವ ಊರಿನೋರು?” ಎಂದಿತು.

ಹಾಲಪ್ಪನ ಎದೆ ಒಡೆಯಿತು. ಕಣ್ಣು ತುಂಬಿ ಕಲ್ಲೇ ಕಾಣದು. ಎಸೆದ, ತಪ್ಪಿತು. ಎಸೆದ, ತಪ್ಪಿತು. ಅತ್ತ ಗುಡ್ಡದ ಹಿಂದೆ ಬೆಳಕು ಏಳುತ್ತಿತ್ತು. ಮೂರನೆಯ ಸಲ ಎಸೆದಾಗ ಕೊಕ್ಕರೆ ಕತ್ತು ಚಾಚಿ ಕಲ್ಲನ್ನು ಗಬಕ್ಕನೆ ಕಚ್ಚಿಕೊಂಡು ಓಡಿತು.

“ಮೋಸ, ಮೋಸ! ಕೊಡೇ ನನ್ನ ಕಲ್ಲು!” ಹಾಲಪ್ಪ ಪಂಚೆ ಎತ್ತಿ ಕಟ್ಟಿ ಬೆನ್ನಟ್ಟಿದ. ಬಿಲ್ಲೆ, ಹುಣ್ಣಿಮೆ, ಎಲ್ಲ ಮರೆತೇಹೋಯಿತು. ಕೆಸರಲ್ಲಿ ಜಾರಿದ, ಎದ್ದ, ನಕ್ಕ, ಮತ್ತೆ ಓಡಿದ.

“ಈ ಕಡೆ ಬಂತು, ಹಿಡಿಯೋ!” ಎಂದು ಯಾರೋ ಕೂಗಿ ನೀರಿಗೆ ಧುಮುಕಿದರು. ನೋಡಿದರೆ ಗಂಟುಮೋರೆ! ತನ್ನ ಕಟ್ಟಳೆಯನ್ನು ತಾನೇ ಮುರಿದಿದ್ದ. ಮಂತ್ರವೆಲ್ಲ ನೀರಲ್ಲಿ ಕರಗಿ, ಅವನು ಒದ್ದೆ ಮೀಸೆಯ ಬಡ ಮನುಷ್ಯನಾಗಿ ನಿಂತ. ಚಂದ್ರ ಗುಡ್ಡದ ಮೇಲೆ ಬರುವ ಮೊದಲೇ ಟಣ್ ಎಂದು ಮೂರನೆಯ ಬಿಲ್ಲೆ ಬಂತು.

ಕೊಕ್ಕರೆ ಇದ್ದಲ್ಲಿ ದೇವೀರಮ್ಮ ಮೊಣಕಾಲುದ್ದ ನೀರಲ್ಲಿ ನಿಂತು ಏದುಸಿರು ಬಿಡುತ್ತಿದ್ದಳು. ಹಾಲಪ್ಪ ಅವಳ ಕೈ ಹಿಡಿದು ಗೊಳೋ ಎಂದು ಅತ್ತ. ರಾಜನಿಂದ ಹಿಡಿದು ಅಗಸರವರೆಗೆ ಊರಿನ ದೊಡ್ಡವರೆಲ್ಲ ಅಂದಿನಿಂದ ಆಟ ಆಡಿಕೊಂಡು ಹಾಯಾಗಿದ್ದರು.

“ಅಲ್ಲ ಕಣೇ, ಈ ಬಿಲ್ಲೆಗಳು ಯಾಕೆ ಬಂದವು ಅಂತ ನನಗಿನ್ನೂ ತಿಳೀಲಿಲ್ಲ” ಎಂದ ಹಾಲಪ್ಪ.

“ಬಿಲ್ಲೆ ಮನೆ ಹಾಳಾಗ್ಲಿ ಬಿಡ್ರಿ,” ಎಂದಳು ದೇವೀರಮ್ಮ, “ನನ್ನನ್ನ ಹಿಡಿದ್ರಲ್ಲ. ಈಗ ನೀವು ಓಡಿ!”