ಜೋಡಿಗಂಟೆಯ ಬಳೆ

ಬಹಳ ಬಹಳ ಹಿಂದೆ, ಗಂಟೆಗಳು ತಾವಾಗಿಯೇ ನುಡಿಯುತ್ತಿದ್ದ ಒಂದು ರಾಜ್ಯದಲ್ಲಿ ಸೋಮಾಂಕನೆಂಬ ರಾಜಕುಮಾರನಿದ್ದ. ಅವನಿಗೆ ಒಬ್ಬಳೇ ತಂಗಿ, ಹೊನ್ನಾಂಬೆ. ಮಾಂತ್ರಿಕ ಕರಾಳಕ ತನ್ನ ಪ್ರಾಣವನ್ನು ಮಾಯಾನರಿಯೊಂದರಲ್ಲಿ ಇಟ್ಟಿದ್ದ. ಆ ನರಿಯನ್ನು ಸಾಸಿವೆಕಾಳಿನಷ್ಟು ಮಾಡಿ ಹೊನ್ನಾಂಬೆಯ ಮೈಯೊಳಗೆ ಬಚ್ಚಿಟ್ಟ. ಹುಡುಗಿ ಸೊರಗತೊಡಗಿದಳು.

ನರಿಯನ್ನು ಕೊಲ್ಲಲು ಸೋಮಾಂಕನ ಬಳಿ ಸೂರ್ಯಸೂಜಿಯೆಂಬ ಮಾಯಾಸೂಜಿ ಇತ್ತು. ಆದರೆ ಒಂದೇ ಪೆಟ್ಟು, ನರಿ ಮೈಯಲ್ಲಿ ಎಲ್ಲಿದೆಯೋ ತಿಳಿಯದು. ಜಾಗ ತಪ್ಪಿದರೆ ಸೂಜಿಯೂ ಇಲ್ಲ, ತಂಗಿಯೂ ಇಲ್ಲ.

ಸಾಕುತಾಯಿ ಚೆನ್ನಾಜಿ ಬೆಳಕಿನ ಬೆಟ್ಟದಿಂದ ಮಾಯಾಸಕ್ಕರೆ ತಂದಳು.

"ಕುಮಾರಾ, ನರಿಗೆ ಸಿಹಿಯ ಆಸೆ ಜಾಸ್ತಿ. ತಂಗಿಗೆ ತಿನ್ನಿಸಿದ ಈ ಸಕ್ಕರೆಯನ್ನು ಅದೇ ಹೆಚ್ಚು ನುಂಗುತ್ತದೆ. ಪ್ರತಿ ಕಣವೂ ಸಿಡಿದಾಗ ಎರಡು ಕಿಡಿ. ಒಂದು ಈಚೆಗೆ ಹಾರಿದರೆ ಇನ್ನೊಂದು ನೇರ ಆಚೆಗೆ. ಕಣ್ಣಿಗೆ ಕಾಣವು, ಗಂಟೆಗೆ ತಿಳಿಯುತ್ತವೆ. ಸಂಜೆಯೊಳಗೆ ಸಕ್ಕರೆ ಆರಿಹೋಗುತ್ತದೆ. ಬೆಟ್ಟ ಕೊಡುವುದು ಮೂರೇ ಸಲ."

ಸೋಮಾಂಕ ತಂಗಿಯ ಮಂಚದ ಸುತ್ತ ಗಂಟೆಗಳನ್ನು ಬಳೆಯಂತೆ ಕಟ್ಟಿದ. ಎರಡು ಗಂಟೆ ಒಂದೇ ಕ್ಷಣ ನುಡಿದರೆ ಅವುಗಳ ನಡುವೆ ದಾರ ಎಳೆಯುವುದು. ದಾರಗಳು ಕೂಡುವಲ್ಲಿ ನರಿ.

ಮೊದಲ ಸಲ ದಾರಗಳು ಮೈಯುದ್ದಕ್ಕೂ ಹರಡಿದವು.

"ಏನಾದರೂ ತಿಂದೆಯಾ?"

"ಚೆನ್ನಾಜಿ ಹೋಳಿಗೆ ಕೊಟ್ಟಳು, ಅಣ್ಣಾ."

"ಮಗು ಹಸಿದಿರುವುದನ್ನು ಹೇಗೆ ನೋಡುತ್ತಾ ಕೂರಲಿ?" ಚೆನ್ನಾಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೋಳಿಗೆಯ ಸಿಹಿ ತಿಂದಿದ್ದ ನರಿ ಸಕ್ಕರೆಯನ್ನು ಮೂಸಿಯೂ ನೋಡಿರಲಿಲ್ಲ.

ಎರಡನೆಯ ಸಲ ಉಪವಾಸವಾಯಿತು. ದಾರಗಳು ಕೂಡುವಷ್ಟರಲ್ಲಿ ಹೊನ್ನಾಂಬೆ ಮಗ್ಗುಲು ಬದಲಿಸಿದಳು. ಎಲ್ಲ ಕಲಸಿಹೋಯಿತು.

"ಮೂಗಿನ ಮೇಲೆ ನೊಣ ಕೂತಿತ್ತು. ಅದಕ್ಕೆ ಅರಮನೆಯ ಮರ್ಯಾದೆ ಗೊತ್ತಿಲ್ಲ," ಎಂದಳು. ಅಣ್ಣನಿಗೆ ನಗು ಬರಲಿಲ್ಲ.

ಮೂರನೆಯ ಸಲ ಹುಡುಗಿ ಕಲ್ಲಿನಂತೆ ಮಲಗಿದಳು. ಆಗ ಕರಾಳಕ ಗಾಳಿಯಾಗಿ ಬಂದ. ಠಣ್, ಇಲ್ಲೊಂದು ಗಂಟೆ. ಠಣ್, ಸ್ವಲ್ಪ ತಡೆದು ಅಲ್ಲೊಂದು.

"ಕುಮಾರಾ, ದಾರ!" ಚೆನ್ನಾಜಿ ಕೂಗಿದಳು.

ಸೋಮಾಂಕ ದಾರ ಎಳೆಯಲಿಲ್ಲ. "ಇಲ್ಲ. ಒಟ್ಟಿಗೆ ನುಡಿಯಲಿಲ್ಲ. ಒಂಟಿ ಗಂಟೆಗೆ ದಾರವಿಲ್ಲ."

ಬಿಸಿಲು ಇಳಿಯುತ್ತಿತ್ತು. ಗಾಳಿ ಒಂಟಿ ಗಂಟೆಗಳನ್ನು ಬಡಿಯುತ್ತಲೇ ಇತ್ತು. ಅದರ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ಜೋಡಿ. ಅವನು ಜೋಡಿಗಷ್ಟೇ ದಾರ ಎಳೆದ. ಒಂದರ ಮೇಲೊಂದು ಹಾದು, ಎಡಪಕ್ಕೆಯ ಕೆಳಗೆ ದಾರಗಳೆಲ್ಲ ಗಂಟಾದವು.

ಅಲ್ಲಿಗೇ ಸೂಜಿ ಇಳಿಸಿದ.

ನರಿ ಊಳಿಟ್ಟು ಹೊಗೆಯಾಯಿತು. ಗಾಳಿಯಲ್ಲಿದ್ದ ಕರಾಳಕ ಬೂದಿಯಾಗಿ ನೆಲಕ್ಕುದುರಿದ. ಗಂಟೆಗಳು ಸುಮ್ಮನಾದವು. ತಂಗಿಯ ಉಸಿರು ಕೇಳಿಸುವವರೆಗೆ ಸೋಮಾಂಕ ತಾನೂ ಉಸಿರಾಡಲಿಲ್ಲ.

"ಅಣ್ಣಾ, ಈಗ ಅಲ್ಲಾಡಬಹುದಾ?"

"ಅಲ್ಲಾಡಮ್ಮ."

"ಹಾಗಾದರೆ ಹೋಳಿಗೆ?"

ಚೆನ್ನಾಜಿ ಆಗಲೇ ಅಡುಗೆಮನೆಗೆ ಓಡಿದ್ದಳು. ಆ ಸಂಜೆ ರಾಜ್ಯದ ಮನೆಮನೆಯಲ್ಲೂ ಹೋಳಿಗೆ ಬೆಂದಿತು. ಹೊನ್ನಾಂಬೆ ತಿಂದು, ಆಡಿ, ಬೆಳೆದು, ತಲೆ ನರೆಯುವಷ್ಟು ಕಾಲ ಎಲ್ಲರೊಂದಿಗೆ ಸುಖವಾಗಿ ಬಾಳಿದಳು.